ಒಂದು ಪೈನ್ ಮರ, ಐದು ತೊಗಟೆ ದುಂಬಿ: ಒಂದೇ ಆಹಾರವನ್ನು ಹಂಚಿಕೊಳ್ಳುವ ಬಗೆ

ಅಮೆರಿಕದ ಆಗ್ನೇಯ ರಾಜ್ಯಗಳ ಲೋಬ್ಲಾಲಿ ಪೈನ್ ಕಾಡಿನಲ್ಲಿ ಬೇಸಿಗೆಯ ಗುಡುಗು ಮಳೆ ಬಂದಾಗಲೆಲ್ಲ ಅಲ್ಲೊಂದು ಇಲ್ಲೊಂದು ಮರಕ್ಕೆ ಸಿಡಿಲು ಬಡಿಯುತ್ತದೆ. ಕಾಂಡದುದ್ದಕ್ಕೂ ತೊಗಟೆ ಸೀಳಿರುತ್ತದೆ, ರಾಳದ ಒತ್ತಡ ಕುಸಿದಿರುತ್ತದೆ, ಸೂಜಿ ಎಲೆಗಳು ಮಾತ್ರ ಇನ್ನೂ ಹಸಿರಾಗಿಯೇ ಇರುತ್ತವೆ. ಇಂಥ ಮರದ ತೊಗಟೆಯನ್ನು ಎರಡು ಮೂರು ವಾರ ಬಿಟ್ಟು ಎಬ್ಬಿಸಿ ನೋಡಿದರೆ ಐದು ಜಾತಿಯ ತೊಗಟೆ ದುಂಬಿಗಳು ಒಟ್ಟಿಗೆ ಸಿಗುವುದುಂಟು. ಐದಕ್ಕೂ ಬೇಕಾದದ್ದು ಒಂದೇ ಪದಾರ್ಥ: ಒರಟು ಹೊರತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕೆಲವೇ ಮಿಲಿಮೀಟರ್ ದಪ್ಪದ ಒಳತೊಗಟೆ. ಅದು ಒಣಗಿದರೆ ಅಥವಾ ಕೊಳೆತರೆ ಮುಗಿಯಿತು, ಮತ್ತೆ ಬೆಳೆಯುವುದಿಲ್ಲ.

ಆಹಾರ ಒಂದೇ, ಜಾಗ ಒಂದೇ, ಅವಧಿಯೂ ಚಿಕ್ಕದು. ಬಲವಾದ ಜಾತಿ ಉಳಿದವನ್ನು ಎಂದೋ ಹೊರಗೆ ಹಾಕಿರಬೇಕಿತ್ತು, ಆದರೆ ಹಾಗೆ ಆಗಿಲ್ಲ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಅವು ಮರವನ್ನು ಎತ್ತರದ ಪ್ರಕಾರ ಹಂಚಿಕೊಂಡಿವೆ’ ಎಂಬುದು. ಅದು ಅರ್ಧ ಉತ್ತರ ಮಾತ್ರ, ಮಾದರಿ ತೆಗೆಯುವವರನ್ನು ದಾರಿ ತಪ್ಪಿಸುವುದೂ ಹೆಚ್ಚಾಗಿ ಅದೇ.

ಐದು ಜಾತಿಗಳು, ಅವುಗಳ ಗುರುತು

ಮೊದಲು ರೆಕ್ಕೆಕವಚದ ಹಿಂತುದಿ ನೋಡಬೇಕು. ಅದು ಗುಂಡಗೆ ಇಳಿದಿದ್ದರೆ ಡೆಂಡ್ರೋಕ್ಟೋನಸ್ ಕುಲ. ಚಮಚದ ಹಾಗೆ ತಗ್ಗಾಗಿ, ಅಂಚಿನಲ್ಲಿ ಮುಳ್ಳುಗಳಿದ್ದರೆ ಇಪ್ಸ್ ಕುಲ. ಇಪ್ಸ್‌ಗಳಲ್ಲಿ ಮುಳ್ಳನ್ನು ಒಂದೇ ಪಕ್ಕದಲ್ಲಿ ಎಣಿಸಬೇಕು: ಇಪ್ಸ್ ಅವಲ್ಸಸ್‌ಗೆ 4, ಇಪ್ಸ್ ಗ್ರಾಂಡಿಕೋಲಿಸ್‌ಗೆ 5, ಇಪ್ಸ್ ಕ್ಯಾಲಿಗ್ರಾಫಸ್‌ಗೆ 6. ಉದ್ದವೂ ಇದೇ ಕ್ರಮದಲ್ಲಿ ಏರುತ್ತದೆ: ಅವಲ್ಸಸ್ 2.1ರಿಂದ 2.8 ಮಿ.ಮೀ., ಗ್ರಾಂಡಿಕೋಲಿಸ್ 2.8ರಿಂದ 4.7, ಕ್ಯಾಲಿಗ್ರಾಫಸ್ 3.5ರಿಂದ 6.5. ಕೊನೆಯ ಎರಡರ ಅಳತೆ ಒಂದರ ಮೇಲೊಂದು ಬೀಳುವುದರಿಂದ ಉದ್ದ ನೋಡಿ ಹೆಸರು ಬರೆಯುವಂತಿಲ್ಲ. ರಾಳ ಮೆತ್ತಿಕೊಂಡಿದ್ದರೆ ಮುಳ್ಳು ಕಾಣುವುದಿಲ್ಲ. ಟರ್ಪೆಂಟೈನ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಆಮೇಲೆ 70 ಶೇಕಡಾ ಆಲ್ಕೋಹಾಲ್‌ಗೆ ಹಾಕಿ, 10 ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಲ್ಲಿ ನೋಡಬೇಕು.

ಡೆಂಡ್ರೋಕ್ಟೋನಸ್‌ಗಳಲ್ಲಿ ಎರಡು. ಫ್ರಂಟಾಲಿಸ್ 2ರಿಂದ 4 ಮಿ.ಮೀ. ಉದ್ದದ್ದು, ಸಂಖ್ಯೆ ಏರಿದಾಗ ಆರೋಗ್ಯವಂತ ಮರವನ್ನೂ ಗುಂಪಾಗಿ ಮುತ್ತಿ ಕೊಲ್ಲುವುದು ಇದೇ. ಟೆರೆಬ್ರಾನ್ಸ್ 5ರಿಂದ 8 ಮಿ.ಮೀ., ಕೆಲವೊಮ್ಮೆ ಇನ್ನೂ ದೊಡ್ಡದು, ಬಹುಮಟ್ಟಿಗೆ ಬುಡದ 2-3 ಮೀಟರಿನಲ್ಲಿ ಮತ್ತು ಕಡಿದ ಬುಡಗಳಲ್ಲಿ ಸಿಗುತ್ತದೆ.

ದುಂಬಿ ಕೈಗೆ ಸಿಗದಿದ್ದರೂ ಸುರಂಗ ಸಿಗುತ್ತದೆ. ಇಪ್ಸ್‌ನಲ್ಲಿ ಮೊದಲು ಕೊರೆಯುವುದು ಗಂಡು. ಅದು ತೊಗಟೆಯಡಿ ಒಂದು ಕೋಣೆ ಮಾಡುತ್ತದೆ, ಎರಡರಿಂದ ಐದು ಹೆಣ್ಣುಗಳು ಬಂದು ಸೇರುತ್ತವೆ, ಪ್ರತಿಯೊಂದೂ ಮರದ ನಾರಿನುದ್ದಕ್ಕೆ ತನ್ನದೇ ಮೊಟ್ಟೆ ಸುರಂಗ ತೆಗೆಯುತ್ತದೆ. ಈ ಸುರಂಗಗಳಲ್ಲಿ ಪುಡಿ ಇರುವುದಿಲ್ಲ, ಗುಡಿಸಿಟ್ಟಂತೆ ಖಾಲಿ. ಡೆಂಡ್ರೋಕ್ಟೋನಸ್‌ನಲ್ಲಿ ಮೊದಲು ಬರುವುದು ಹೆಣ್ಣು, ಜೊತೆಗೆ ಒಂದೇ ಗಂಡು, ಸುರಂಗದ ತುಂಬ ಒತ್ತಿದ ಹುಡಿ. ಫ್ರಂಟಾಲಿಸ್‌ನ ಸುರಂಗಗಳು ಅಂಕುಡೊಂಕಾಗಿ ಒಂದನ್ನೊಂದು ದಾಟುತ್ತವೆ. ಟೆರೆಬ್ರಾನ್ಸ್‌ನ ಮರಿಹುಳುಗಳು ಬೇರೆಬೇರೆ ದಾರಿ ಹಿಡಿಯದೆ ಸಾಲಾಗಿ ನಿಂತು ಮೇಯುವುದರಿಂದ ಅಗಲವಾದ ಒಂದೇ ತೇಪೆ ಉಳಿಯುತ್ತದೆ.

ದುಂಬಿ ಕೊರೆದ ಕಡೆ ತೊಗಟೆಯ ಮೇಲೆ ಉಕ್ಕಿ ನಿಂತ ರಾಳದ ಉಂಡೆಗಳನ್ನು ನಂಬಿ ಎಣಿಸುವವರು ಸಿಡಿಲು ಬಡಿದ ಮರದಲ್ಲಿ ಮೋಸಹೋಗುತ್ತಾರೆ. ಒತ್ತಡವಿಲ್ಲದ ಮರದಲ್ಲಿ ರಾಳ ಹೊರಬರುವುದಿಲ್ಲ. ತೊಗಟೆಯ ಬಿರುಕಿನಲ್ಲಿ, ಕೆಳಗಿನ ಜೇಡರ ಬಲೆಯಲ್ಲಿ ನಿಂತ ಕೆಂಗಂದು ಹುಡಿಯೇ ಅಲ್ಲಿನ ಕುರುಹು.

ಎತ್ತರವಲ್ಲ, ದಪ್ಪ

ಮೇಲಿನಿಂದ ಕೆಳಕ್ಕೆ ಕಾಣುವ ನಕ್ಷೆ ಸರಳ. ತುದಿ ಮತ್ತು ಕೊಂಬೆಗಳಲ್ಲಿ ಅವಲ್ಸಸ್. ದಪ್ಪ ಕೊಂಬೆ ಮತ್ತು ಕಾಂಡದ ಮಧ್ಯಭಾಗದಲ್ಲಿ ಗ್ರಾಂಡಿಕೋಲಿಸ್. ಮಧ್ಯದಿಂದ ಕೆಳಕ್ಕೆ ಫ್ರಂಟಾಲಿಸ್. ದಪ್ಪ ತೊಗಟೆಯ ಕೆಳಕಾಂಡದಲ್ಲಿ ಕ್ಯಾಲಿಗ್ರಾಫಸ್. ಬುಡದಲ್ಲಿ ಟೆರೆಬ್ರಾನ್ಸ್. 1981ರಲ್ಲಿ ಪೇಯ್ನ್, ಬರ್ಚ್, ಶ್ವಿಹ್ರಾ ಇವುಗಳಲ್ಲಿ ನಾಲ್ಕು ಜಾತಿಗಳ ಹರವು ಮತ್ತು ಹಂಚಿಕೆಯನ್ನು ಅಳೆದು ಪ್ರಕಟಿಸಿದ ಮೇಲೆ ಈ ಗುಂಪು ಸಹಬಾಳ್ವೆಯ ಚರ್ಚೆಯಲ್ಲಿ ಪದೇಪದೇ ಬರುತ್ತದೆ.

ಆದರೆ ದುಂಬಿ ಎತ್ತರವನ್ನು ಅಳೆಯುವುದಿಲ್ಲ. ಅದಕ್ಕೆ ಮುಖ್ಯವಾದದ್ದು ಒಳತೊಗಟೆಯ ದಪ್ಪ, ಅದು ಎಷ್ಟು ದಿನ ಹಸಿಯಾಗಿರುತ್ತದೆ ಎಂಬುದು, ಮತ್ತು ಮೇಲಿನ ಒರಟು ತೊಗಟೆ ಎಷ್ಟಿದೆ ಎಂಬುದು. 6 ಮಿ.ಮೀ. ಉದ್ದದ ಕ್ಯಾಲಿಗ್ರಾಫಸ್‌ಗೆ ತೆಳು ತೊಗಟೆಯಲ್ಲಿ ಮೈ ಹಿಡಿಸುವುದೇ ಕಷ್ಟ. ಅವಲ್ಸಸ್‌ನ ಮರಿ ಅಲ್ಲಿ ಸಲೀಸಾಗಿ ಬೆಳೆಯುತ್ತದೆ. ಫ್ರಂಟಾಲಿಸ್‌ನದು ಇನ್ನೊಂದು ಕಥೆ: ಅದರ ಮರಿಹುಳು ಬೆಳವಣಿಗೆಯ ಕೊನೆಗೆ ಒಳತೊಗಟೆ ಬಿಟ್ಟು ಹೊರತೊಗಟೆಯೊಳಗೆ ನುಗ್ಗಿ ಅಲ್ಲಿ ಕೋಶಾವಸ್ಥೆಗೆ ಹೋಗುತ್ತದೆ. ಹೊರತೊಗಟೆ ತೆಳುವಾದ ಕಡೆ ಅದಕ್ಕೆ ಆ ಕೋಣೆಯೇ ಇಲ್ಲ. ಇಪ್ಸ್‌ನ ಮರಿಗಳು ತಾವು ಮೇದ ದಾರಿಯ ಕೊನೆಯಲ್ಲೇ ಕೋಶವಾಗುತ್ತವೆ. ಹೀಗೆ ಒಂದೇ ಅಂಗೈ ಅಗಲದ ತೊಗಟೆಯಲ್ಲೂ ಎರಡು ಜಾತಿಗಳು ಬೇರೆಬೇರೆ ಪದರದಲ್ಲಿ ಇರಬಲ್ಲವು, ಕನಿಷ್ಠ ಕೊನೆಯ ಹಂತದಲ್ಲಿ.

ಇದರಿಂದ ಹುಟ್ಟುವ ಪ್ರಾಯೋಗಿಕ ಪರಿಣಾಮ ಇದು. ದಟ್ಟ ಕಾಡಿನ ಸಣಕಲು ಮರದಲ್ಲಿ ತೊಗಟೆ ಬೇಗ ತೆಳುವಾಗುತ್ತದೆ, ಬಯಲಿನ ದಪ್ಪ ಮರದಲ್ಲಿ ನಿಧಾನವಾಗಿ. ಎರಡರಲ್ಲೂ 8 ಮೀಟರ್ ಎತ್ತರದ ಮಾದರಿ ತೆಗೆದು ಒಂದೇ ಸಾಲಿನಲ್ಲಿ ಬರೆದರೆ ಜಾತಿಗಳು ಕಲಸಿಹೋದಂತೆ ಕಾಣುತ್ತವೆ. ಅದೇ ಮಾದರಿಗಳನ್ನು ತೊಗಟೆಯ ದಪ್ಪದ ಪ್ರಕಾರ ಜೋಡಿಸಿದರೆ ಗೆರೆಗಳು ಬೇರೆಯಾಗುತ್ತವೆ.

ವಾಸನೆಯ ಬೇಲಿ

ಯಾವ ಜಾತಿ ಎಲ್ಲಿ ಇಳಿಯಬೇಕು ಎಂಬುದು ಕೊರೆಯುವ ಮೊದಲೇ ಅರ್ಧ ತೀರ್ಮಾನವಾಗಿರುತ್ತದೆ. ಫ್ರಂಟಾಲಿಸ್ ಹೆಣ್ಣು ಫ್ರಂಟಾಲಿನ್ ಎಂಬ ವಾಸನೆಯ ರಾಸಾಯನಿಕ ಬಿಡುತ್ತದೆ. ಪೈನ್ ರಾಳದ ಆಲ್ಫಾ-ಪೈನೀನ್ ಜೊತೆ ಸೇರಿದಾಗ ಅದು ತನ್ನವರನ್ನು ಸಾವಿರಗಟ್ಟಲೆ ಕರೆಯುತ್ತದೆ. ಮರ ತುಂಬುತ್ತ ಬಂದಂತೆ ವರ್ಬಿನೋನ್ ಎಂಬ ಇನ್ನೊಂದು ವಾಸನೆ ಏರಿ ‘ಇಲ್ಲಿ ಜಾಗವಿಲ್ಲ’ ಎಂಬ ಸೂಚನೆ ಹೋಗುತ್ತದೆ, ಬಂದವು ಪಕ್ಕದ ಮರಕ್ಕೆ ತಿರುಗುತ್ತವೆ. ಗ್ರಾಂಡಿಕೋಲಿಸ್ ಇಪ್ಸಿನಾಲ್‌ಗೆ ಬರುತ್ತದೆ. ಕ್ಯಾಲಿಗ್ರಾಫಸ್‌ಗೆ ಇಪ್ಸ್‌ಡಯಿನಾಲ್ ಮತ್ತು ಸಿಸ್-ವರ್ಬಿನಾಲ್. ಅವಲ್ಸಸ್‌ಗೆ ಇಪ್ಸ್‌ಡಯಿನಾಲ್ ಜೊತೆ ಲ್ಯಾನಿಯರೋನ್.

ವಾಸನೆ ಜಾತಿಗಳನ್ನು ಹೇಗೆ ಬೇರ್ಪಡಿಸುತ್ತದೆ ಎಂಬುದರ ತೀರ ಸ್ಪಷ್ಟ ಉದಾಹರಣೆ ಇರುವುದು ಮಾತ್ರ ಈ ಮರದಲ್ಲಲ್ಲ, ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಇಪ್ಸ್ ಪ್ಯಾರಾಕನ್ಫ್ಯೂಸಸ್ ಮತ್ತು ಇಪ್ಸ್ ಪೈನಿ ಒಂದೇ ಕಾಡಿನಲ್ಲಿ ಒಂದೇ ಬಗೆಯ ಮರಕ್ಕೆ ಬರುತ್ತವೆ. ಮೊದಲನೆಯದರ ವಾಸನೆಯ ಮಿಶ್ರಣವನ್ನು 1966ರಲ್ಲಿ ಸಿಲ್ವರ್‌ಸ್ಟೀನ್, ರೋಡಿನ್, ವುಡ್ ಗುರುತಿಸಿದರು. ತೊಗಟೆ ದುಂಬಿಯ ಗುಂಪುಗೂಡಿಸುವ ಫೆರೋಮೋನ್ (ತನ್ನ ಜಾತಿಯವರಿಗೆ ಸೂಚನೆ ಕೊಡುವ ವಾಸನೆ) ಮೊದಲು ಪತ್ತೆಯಾದದ್ದು ಅಲ್ಲೇ. ಅದರಲ್ಲಿರುವ ಇಪ್ಸಿನಾಲ್ ಪೈನಿಯನ್ನು ತಡೆಯುತ್ತದೆ. ಪೈನಿ ಬಿಡುವ ಇಪ್ಸ್‌ಡಯಿನಾಲ್‌ನ ಎಡಮುಖಿ ರೂಪ ಪ್ಯಾರಾಕನ್ಫ್ಯೂಸಸ್‌ಅನ್ನು ತಡೆಯುತ್ತದೆ. ಒಂದೇ ಅಣು, ಕನ್ನಡಿ ಬಿಂಬದಷ್ಟೇ ವ್ಯತ್ಯಾಸ. ಬಲಮುಖಿ ರೂಪವೇ ಪ್ಯಾರಾಕನ್ಫ್ಯೂಸಸ್‌ನ ಸ್ವಂತ ಕರೆಯಲ್ಲಿ ಸೇರಿದೆ. ಮೊದಲು ಬಂದವರಿಗೆ ಮರ, ತಡವಾಗಿ ಬಂದವರು ಇನ್ನೊಂದು ಮರ ಹುಡುಕಬೇಕು.

ಲೋಬ್ಲಾಲಿ ಪೈನ್‌ನ ಐದು ಜಾತಿಗಳಲ್ಲಿ ಬೇಲಿ ಅಷ್ಟು ಬಿಗಿಯಾಗಿಲ್ಲ. ಫ್ರಂಟಾಲಿನ್‌ಗೆ ಟೆರೆಬ್ರಾನ್ಸ್ ಕೂಡ ಬರುತ್ತದೆ. ಇಪ್ಸ್‌ಡಯಿನಾಲ್ ಎರಡು ಇಪ್ಸ್‌ಗಳ ಕರೆಯಲ್ಲಿದೆ. ಅಂದರೆ ಒಂದೇ ಮರಕ್ಕೆ ಬರುವುದನ್ನು ವಾಸನೆ ತಡೆಯುವುದಿಲ್ಲ, ಕೆಲವೊಮ್ಮೆ ಕರೆದು ತರುತ್ತದೆ. ಸಾಯುತ್ತಿರುವ ಮರ ಎಲ್ಲಿದೆ ಎಂಬ ಸುದ್ದಿ ಬೇರೆ ಜಾತಿಯಿಂದ ಪುಕ್ಕಟೆ ಸಿಗುವಾಗ ಅದನ್ನು ಬಿಡುವವರು ಯಾರು? ಮರಕ್ಕೆ ಬಂದ ಮೇಲೆ ಯಾರು ಎಲ್ಲಿ ಇಳಿಯಬೇಕು ಎಂಬ ಹಂಚಿಕೆ ತೊಗಟೆಯ ಮೇಲೆ ನಡೆಯುತ್ತದೆ.

ಮೋಹಕ ಬಲೆಯಿಂದ ಇದನ್ನು ಪರೀಕ್ಷಿಸುವುದಾದರೆ ಪ್ರತಿ ಜೋಡಿ ಜಾತಿಗೆ ನಾಲ್ಕು ಬಗೆಯ ಬಲೆ ಬೇಕು: ಖಾಲಿ, ಒಂದರ ಆಮಿಷ, ಇನ್ನೊಂದರ ಆಮಿಷ, ಎರಡೂ ಸೇರಿ. ಒಂದರ ಕೆಳಗೊಂದು 12 ಆಲಿಕೆ ಜೋಡಿಸಿದ ಲಿಂಡ್‌ಗ್ರೆನ್ ಬಲೆ ಸಾಕು. ಬಲೆಗಳ ನಡುವೆ ಕನಿಷ್ಠ 30 ಮೀಟರ್ ಇರಲಿ, ಪ್ರತಿ ಸಲ ಹುಳು ತೆಗೆದಾಗ ಬಲೆಗಳ ಸ್ಥಾನ ಬದಲಿಸಿ. ಬಲೆಯನ್ನು ಜೀವಂತ ಪೈನ್‌ಗೆ ನೇತುಹಾಕಬೇಡಿ. ಬಂದ ದುಂಬಿಗಳು ಆ ಮರಕ್ಕೇ ಇಳಿದುಬಿಡುತ್ತವೆ. ಆಮಿಷ ಕೊಳ್ಳುವಾಗ ಇಪ್ಸ್‌ಡಯಿನಾಲ್‌ನ ಎಡ-ಬಲ ಅನುಪಾತ ಕೇಳಿ ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಎರಡು ವರ್ಷದ ಫಲಿತಾಂಶಗಳನ್ನು ಹೋಲಿಸಲು ಬರುವುದಿಲ್ಲ.

ಕಾಲ ಮತ್ತು ಶಿಲೀಂಧ್ರ

ಬೇಸಿಗೆಯಲ್ಲಿ ಅವಲ್ಸಸ್ ಮೊಟ್ಟೆಯಿಂದ ದುಂಬಿಯಾಗಲು 18ರಿಂದ 25 ದಿನ ಸಾಕು. ಫ್ರಂಟಾಲಿಸ್‌ಗೆ ಬಿಸಿ ಕಾಲದಲ್ಲಿ ಸುಮಾರು 26ರಿಂದ 54 ದಿನ. ಟೆರೆಬ್ರಾನ್ಸ್‌ಗೆ ತಿಂಗಳುಗಳು. ತೆಳು ತೊಗಟೆ ಬೇಗ ಒಣಗುತ್ತದೆ, ಬುಡದ ತೊಗಟೆ ಬಹುಕಾಲ ಹಸಿಯಾಗಿರುತ್ತದೆ. ಬೇಗ ಬೆಳೆಯುವ ಚಿಕ್ಕ ದುಂಬಿ ಬೇಗ ಒಣಗುವ ಜಾಗದಲ್ಲಿದೆ, ನಿಧಾನದ್ದು ಬುಡದಲ್ಲಿದೆ. ಸ್ಥಳ ಮತ್ತು ಕಾಲ ಇಲ್ಲಿ ಎರಡು ಬೇರೆ ಹಂಚಿಕೆಗಳಲ್ಲ, ಲೆಕ್ಕದಲ್ಲಿ ಇದು ಮುಂದೆ ತೊಡಕು ತರುತ್ತದೆ.

ಶಿಲೀಂಧ್ರದ ವಿಷಯ ಹೆಚ್ಚು ಸ್ವಾರಸ್ಯದ್ದು. ಫ್ರಂಟಾಲಿಸ್ ಹೆಣ್ಣಿನ ಎದೆಯ ಮುಂಭಾಗದಲ್ಲಿ ಶಿಲೀಂಧ್ರ ಹೊರುವ ವಿಶೇಷ ಚೀಲವಿದೆ. ಅದರಲ್ಲಿ ಎಂಟೊಮೊಕಾರ್ಟಿಸಿಯಮ್ ಅಥವಾ ಸೆರಟೊಸಿಸ್ಟಿಯೊಪ್ಸಿಸ್ ರನಕ್ಯುಲೋಸಸ್ ಇರುತ್ತದೆ, ಮರಿಗಳಿಗೆ ಪೋಷಣೆ ಬಹುಮಟ್ಟಿಗೆ ಅದರಿಂದಲೇ. ಅದೇ ದುಂಬಿಯ ಮೈಮೇಲೆ ಟಾರ್ಸೊನೀಮಸ್ ನುಸಿಗಳು ಸವಾರಿ ಮಾಡುತ್ತವೆ, ಅವು ಒಫಿಯೊಸ್ಟೋಮಾ ಮೈನಸ್ ಎಂಬ ನೀಲಿ ಕಲೆಯ ಶಿಲೀಂಧ್ರವನ್ನು ತರುತ್ತವೆ. ಆ ಶಿಲೀಂಧ್ರ ಹರಡಿದ ತೊಗಟೆಯಲ್ಲಿ ಫ್ರಂಟಾಲಿಸ್‌ನ ಮರಿಗಳು ಸೊರಗುತ್ತವೆ, ನುಸಿಗಳಿಗೆ ಮಾತ್ರ ಹಬ್ಬ. ದುಂಬಿಗಳ ಗುಂಪು ದೊಡ್ಡದಾದಷ್ಟೂ ನುಸಿಯೂ ನೀಲಿ ಕಲೆಯೂ ಹೆಚ್ಚುವ ಸಾಧ್ಯತೆ ಇದೆ. ಸಹಬಾಳ್ವೆಗೆ ಬೇಕಾದದ್ದು ಇಂಥ ಕಡಿವಾಣವೇ: ಒಂದು ಜಾತಿ ಹೆಚ್ಚಾದಾಗ ಅದಕ್ಕೆ ತನ್ನಿಂದಲೇ ಆಗುವ ಪೆಟ್ಟು, ಇನ್ನೊಂದು ಜಾತಿಗೆ ಆಗುವ ಪೆಟ್ಟಿಗಿಂತ ದೊಡ್ಡದಾಗಿರಬೇಕು.

ಪರಭಕ್ಷಕಗಳೂ ಇದೇ ಕೆಲಸ ಮಾಡಬಲ್ಲವು. ಥನಾಸಿಮಸ್ ಡ್ಯೂಬಿಯಸ್ ಎಂಬ ಬೇಟೆಗಾರ ದುಂಬಿ ಫ್ರಂಟಾಲಿನ್‌ಗೂ ಬರುತ್ತದೆ, ಇಪ್ಸ್‌ನ ವಾಸನೆಗಳಿಗೂ ಬರುತ್ತದೆ. ಯಾರ ಕರೆ ಜೋರಾಗಿದೆಯೋ ಅವರ ತಲೆಗೇ ಹೆಚ್ಚು ಅಪಾಯ.

ತಡವಾಗಿ ಬರುವ ದೊಡ್ಡ ಬಾಯಿ

ದಾಳಿ ಶುರುವಾಗಿ ಕೆಲವು ದಿನಕ್ಕೆ ಉದ್ದ ಮೀಸೆಯ ಮೊನೊಕಾಮಸ್ ದುಂಬಿಗಳು ಬರುತ್ತವೆ. ಇಪ್ಸಿನಾಲ್, ಇಪ್ಸ್‌ಡಯಿನಾಲ್ ಅವಕ್ಕೆ ಊಟದ ಕರೆಗಂಟೆ. ತೊಗಟೆಯಲ್ಲಿ ಹಲ್ಲಿನಿಂದ ಚಿಕ್ಕ ಗುಳಿ ತೋಡಿ ಮೊಟ್ಟೆ ಇಡುತ್ತವೆ. ಅವುಗಳ ಮರಿಹುಳು ಮೊದಲು ಒಳತೊಗಟೆಯನ್ನು ಅಗಲಗಲವಾಗಿ ಮೇದು ಆಮೇಲೆ ಕಟ್ಟಿಗೆಯೊಳಗೆ ಇಳಿಯುತ್ತದೆ. ದಾರಿಯಲ್ಲಿ ತೊಗಟೆ ದುಂಬಿಯ ಮರಿ ಸಿಕ್ಕರೆ ಅದನ್ನೂ ತಿನ್ನುತ್ತದೆ. ಮೊನೊಕಾಮಸ್ ಕ್ಯಾರೊಲಿನೆನ್ಸಿಸ್‌ನಲ್ಲಿ ಇದು ದೃಢಪಟ್ಟಿದೆ. ಹೀಗಾಗಿ ನಿಧಾನವಾಗಿ ಬೆಳೆಯುವ ಜಾತಿಗೆ ನಷ್ಟ ಹೆಚ್ಚು, 20 ದಿನದಲ್ಲಿ ಹೊರಬೀಳುವ ಅವಲ್ಸಸ್ ಬಚಾವು. ಕಟ್ಟಿಗೆಯೊಳಗೆ ಶಿಲೀಂಧ್ರ ಬೆಳೆಸಿ ತಿನ್ನುವ ಅಂಬ್ರೋಸಿಯಾ ದುಂಬಿಗಳದ್ದು ಬೇರೆಯೇ ಲೋಕ. ಸೂಜಿ ಚುಚ್ಚಿದಂಥ ತೂತು, ಬುಡದಲ್ಲಿ ಬಿಳಿ ಪುಡಿ. ಒಳತೊಗಟೆಯ ಜಗಳಕ್ಕೆ ಅವು ಬರುವುದಿಲ್ಲ.

ಮಾದರಿ ತೆಗೆಯುವುದು

24 ಮೀಟರ್ ಎತ್ತರದ ಮರವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ನೆಲದಿಂದ 0.5 ಮೀಟರ್‌ನಲ್ಲಿ ಶುರುಮಾಡಿ ಪ್ರತಿ 1.5 ಮೀಟರ್‌ಗೆ ಒಂದರಂತೆ 21.5 ಮೀಟರ್‌ವರೆಗೆ ಹೋದರೆ 15 ಹಂತ. ಪ್ರತಿ ಹಂತದಲ್ಲಿ ಉತ್ತರ, ದಕ್ಷಿಣ ಎರಡು ಬದಿಯಿಂದ 100 ಚದರ ಸೆಂ.ಮೀ. ತೊಗಟೆ, ಅಂದರೆ 11.3 ಸೆಂ.ಮೀ. ವ್ಯಾಸದ ಬಿಲ್ಲೆ. ಒಟ್ಟು 30 ಬಿಲ್ಲೆ. ಜೊತೆಗೆ ಮೂರು ಸೆಂ.ಮೀ.ಗಿಂತ ದಪ್ಪ ಕೊಂಬೆಗಳಿಂದ ಒಂದಷ್ಟು. ಕೊಂಬೆ ಬಿಟ್ಟರೆ ಅವಲ್ಸಸ್‌ನ ದೊಡ್ಡ ಪಾಲು ಬಿಟ್ಟುಹೋಗುತ್ತದೆ. ಎದೆಮಟ್ಟದಲ್ಲಿ ಮಾತ್ರ ತೊಗಟೆ ಎಬ್ಬಿಸಿ ‘ಈ ಕಾಡಿನಲ್ಲಿ ಎರಡೇ ಜಾತಿ’ ಎಂದು ಬರೆದ ವರದಿಗಳಿಗೆ ಬೆಲೆ ಇಲ್ಲ.

ಪ್ರತಿ ಬಿಲ್ಲೆಯಲ್ಲಿ ಕಾಂಡದ ವ್ಯಾಸ, ಒಟ್ಟು ತೊಗಟೆಯ ದಪ್ಪ, ಒಳತೊಗಟೆಯ ದಪ್ಪ ಬರೆಯಬೇಕು. ಪೈನ್ ತೊಗಟೆ ಹಲಗೆಹಲಗೆಯಾಗಿ, ನಡುವೆ ಬಿರುಕಾಗಿ ಇರುವುದರಿಂದ ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಬೇಕು, ಕ್ಯಾಲಿಪರ್‌ನಲ್ಲಿ 0.1 ಮಿ.ಮೀ.ವರೆಗೆ. ಒಳತೊಗಟೆಯ ಒಂದು ಪಟ್ಟಿಯನ್ನು ಅಲ್ಲೇ ತೂಗಿ, 103 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದರೆ ತೇವಾಂಶ ಸಿಗುತ್ತದೆ.

ಎರಡು ಸಲ ತೆಗೆಯಬೇಕು. ದಾಳಿಯ 10-14 ದಿನಕ್ಕೆ ಮೊದಲ ಸುತ್ತು: ತಾಯಿ ದುಂಬಿಗಳು ಇನ್ನೂ ಕೆಲವು ಸುರಂಗಗಳಲ್ಲಿರುತ್ತವೆ, ಗ್ರಾಂಡಿಕೋಲಿಸ್ ಯಾವುದು ಕ್ಯಾಲಿಗ್ರಾಫಸ್ ಯಾವುದು ಎಂದು ಮುಳ್ಳೆಣಿಸಿ ಹೇಳಬಹುದು. ಮರಿ ಹೊರಬೀಳುವ ಸ್ವಲ್ಪ ಮೊದಲು ಎರಡನೆಯದು. ಅದನ್ನು ತಡಮಾಡಿದರೆ ಮೊನೊಕಾಮಸ್ ಮರಿಗಳು ಸುರಂಗಗಳ ಮೇಲೇ ಮೇದು ಎಲ್ಲವನ್ನೂ ಅಳಿಸಿರುತ್ತವೆ. ಪಂಜರದಲ್ಲಿ ತೊಗಟೆ ಇಟ್ಟು ಹೊರಬಂದವನ್ನು ಎಣಿಸುವವರು ಇನ್ನೊಂದು ಎಡವಟ್ಟು ಮಾಡುತ್ತಾರೆ: ತಂದೆತಾಯಿ ದುಂಬಿಗಳೂ ಹೊರಬಂದು ಬೇರೆ ಮರಕ್ಕೆ ಹೋಗುವ ಸ್ವಭಾವದವು, ಅವನ್ನು ಮರಿಗಳೆಂದು ಎಣಿಸಿದರೆ ಇಳುವರಿ ಉಬ್ಬುತ್ತದೆ. ಹೊಸ ದುಂಬಿಯ ಬಣ್ಣ ತಿಳಿ, ಹಳೆಯದು ಕಪ್ಪುಗಂದು; ದಿನಾಂಕ ಮತ್ತು ಬಣ್ಣ ಎರಡನ್ನೂ ನೋಡಬೇಕು.

ಬಿಲ್ಲೆಯ ಎಣಿಕೆಯನ್ನು ನೇರವಾಗಿ ಕೂಡಿಸಬಾರದು. 40 ಸೆಂ.ಮೀ. ವ್ಯಾಸದ ಜಾಗದಲ್ಲಿ 1.5 ಮೀಟರ್ ಉದ್ದದ ಕಾಂಡಕ್ಕೆ ಸುಮಾರು 1.9 ಚದರ ಮೀಟರ್ ತೊಗಟೆ, 8 ಸೆಂ.ಮೀ. ವ್ಯಾಸದಲ್ಲಿ 0.38 ಚದರ ಮೀಟರ್. ಐದು ಪಟ್ಟು ವ್ಯತ್ಯಾಸ. ಪ್ರತಿ ಹಂತದ ಸಾಂದ್ರತೆಯನ್ನು ಆ ಹಂತದ ವಿಸ್ತೀರ್ಣದಿಂದ ಗುಣಿಸಿದ ಮೇಲೆಯೇ ‘ಮರದ ಎಷ್ಟು ಪಾಲು ಯಾರದು’ ಎಂಬ ಮಾತು.

ಅತಿವ್ಯಾಪ್ತಿಯ ಲೆಕ್ಕ, ಅದರ ಮಿತಿ

ಎರಡು ಜಾತಿಗಳ ಅತಿವ್ಯಾಪ್ತಿ, ಅಂದರೆ ಒಂದೇ ಜಾಗವನ್ನು ಎರಡೂ ಎಷ್ಟರ ಮಟ್ಟಿಗೆ ಬಳಸುತ್ತವೆ ಎಂಬುದು, ಅಳೆಯಲು ಸರಳ ಸೂಚ್ಯಂಕವಿದೆ: ಪ್ರತಿ ವರ್ಗದಲ್ಲಿ ಪ್ರತಿ ಜಾತಿಯ ಒಟ್ಟು ಸಂಖ್ಯೆಯ ಎಷ್ಟು ಪಾಲು ಇದೆ ಎಂದು ನೋಡಿ, ಎರಡು ಪಾಲುಗಳಲ್ಲಿ ಚಿಕ್ಕದನ್ನು ಆರಿಸಿ ಎಲ್ಲವನ್ನೂ ಕೂಡಿಸುವುದು. ತೆಳು, ಮಧ್ಯಮ, ದಪ್ಪ ಎಂದು ಮೂರು ವರ್ಗ ಮಾಡಿ, ಒಂದು ಜಾತಿ 0.6, 0.3, 0.1 ಇದ್ದು ಇನ್ನೊಂದು 0.1, 0.3, 0.6 ಇದ್ದರೆ ಅತಿವ್ಯಾಪ್ತಿ 0.1 + 0.3 + 0.1 = 0.5. ಕಾಲಕ್ಕೂ ಹೀಗೇ ಮಾಡಿ ಎರಡನ್ನೂ ಗುಣಿಸುವ ರೂಢಿ ಇದೆ. ಆ ಗುಣಾಕಾರ ಸರಿಯಾಗುವುದು ಸ್ಥಳ ಮತ್ತು ಕಾಲ ಒಂದಕ್ಕೊಂದು ಸಂಬಂಧವಿಲ್ಲದಿದ್ದಾಗ ಮಾತ್ರ, ಇಲ್ಲಿ ಸಂಬಂಧವಿದೆ. ದಪ್ಪ-ಕಾಲ ಎರಡನ್ನೂ ಸೇರಿಸಿದ ಕೋಷ್ಟಕದಲ್ಲೇ ನೇರವಾಗಿ ಲೆಕ್ಕ ಹಾಕಬೇಕು.

ಅತಿವ್ಯಾಪ್ತಿ ಕಡಿಮೆ ಎಂದಮಾತ್ರಕ್ಕೆ ಸ್ಪರ್ಧೆ ಸಾಬೀತಾಗುವುದಿಲ್ಲ. ಅವಲ್ಸಸ್ ತುದಿಯಲ್ಲಿರುವುದು ಓಡಿಸಲ್ಪಟ್ಟು ಇರಬಹುದು, ತನಗೇ ಅಲ್ಲಿ ಹಿತವಾಗಿ ಇರಬಹುದು. ಫ್ರಂಟಾಲಿಸ್ ಇಲ್ಲದ ಮರಗಳಲ್ಲಿ ಇಪ್ಸ್‌ಗಳು ಮಧ್ಯಕಾಂಡಕ್ಕೂ ಹರಡುವುದು ಮೊದಲ ಸುಳಿವು. ಗಟ್ಟಿ ಪುರಾವೆ ಬೇಕಾದರೆ ದಿಮ್ಮಿ ತುಂಡುಗಳ ಪ್ರಯೋಗ ಮಾಡಬೇಕು.

ಆರೋಗ್ಯವಂತ ಮರದಿಂದ 40 ಸೆಂ.ಮೀ. ಉದ್ದದ ತುಂಡುಗಳನ್ನು ಕತ್ತರಿಸಿ, ಎರಡೂ ತುದಿಗೆ ಕರಗಿದ ಮೇಣ ಬಳಿಯಿರಿ. ಮೇಣ ಬಿಟ್ಟರೆ ತುಂಡು ತುದಿಯಿಂದ ಒಣಗಿ ಫಲಿತಾಂಶವೆಲ್ಲ ತೇವಾಂಶದ್ದಾಗುತ್ತದೆ. 2 ಮಿ.ಮೀ. ತೂತು ಕೊರೆದು, ಇಪ್ಸ್ ಆದರೆ ಮೊದಲು ಗಂಡು, ಅದು ಹುಡಿ ಹಾಕತೊಡಗಿದ ಮೇಲೆ ಹೆಣ್ಣು. ಫ್ರಂಟಾಲಿಸ್ ಆದರೆ ಮೊದಲು ಹೆಣ್ಣು. ಬಾಯಿಗೆ ಜಾಲರಿಯ ಮುಚ್ಚಳ. ಹೆಣ್ಣುಗಳ ಸಂಖ್ಯೆ ಹೀಗಿರಲಿ: ಅ ಜಾತಿ 6, ಅ ಜಾತಿ 12, ಬ ಜಾತಿ 6, ಬ ಜಾತಿ 12, ಅ 6 ಮತ್ತು ಬ 6 ಸೇರಿ. ತೆಳು ತೊಗಟೆಯಲ್ಲಿ ಒಮ್ಮೆ, ದಪ್ಪ ತೊಗಟೆಯಲ್ಲಿ ಒಮ್ಮೆ. ಪ್ರತಿ ಹೆಣ್ಣಿಗೆ ಎಷ್ಟು ಮರಿ ಹೊರಬಂತು ಎಂಬುದೇ ಅಳತೆ. ತನ್ನವರ ಜೊತೆ 12 ಆದಾಗಿನ ಇಳಿತ, ಪರಜಾತಿಯ ಜೊತೆ 6+6 ಆದಾಗಿನ ಇಳಿತಕ್ಕಿಂತ ಎರಡೂ ಜಾತಿಗಳಲ್ಲಿ ಹೆಚ್ಚಿದ್ದರೆ ಆ ದಪ್ಪದ ತೊಗಟೆಯಲ್ಲೇ ಅವು ಒಟ್ಟಿಗೆ ಉಳಿಯಬಲ್ಲವು. ತೆಳುವಿನಲ್ಲಿ ಒಂದು, ದಪ್ಪದಲ್ಲಿ ಇನ್ನೊಂದು ಮೇಲುಗೈ ಸಾಧಿಸಿದರೆ ಇಡೀ ಮರದಲ್ಲಿ ಒಟ್ಟಿಗೆ ಉಳಿಯುತ್ತವೆ, ಒಂದೇ ಬಿಲ್ಲೆಯಲ್ಲಿ ಅಲ್ಲ. ಈ ಎರಡು ಉತ್ತರಗಳನ್ನು ಬೆರೆಸಿ ಬರೆಯುವುದೇ ಈ ವಿಷಯದ ಚರ್ಚೆಯಲ್ಲಿ ಪದೇಪದೇ ಕಾಣುವ ದೋಷ.

ಹಂಚಿಕೆಯೇ ಇಲ್ಲದೆಯೂ ಒಟ್ಟಿಗೆ ಉಳಿಯುವ ದಾರಿ ಇನ್ನೊಂದಿದೆ. 1981ರಲ್ಲಿ ಅಟ್ಕಿನ್ಸನ್ ಮತ್ತು ಶೊರಾಕ್ಸ್ ತೋರಿಸಿದಂತೆ, ಆಹಾರ ಚದುರಿದ ತುಣುಕುಗಳಲ್ಲಿ ಅಲ್ಪಕಾಲ ಮಾತ್ರ ಸಿಗುವಾಗ, ಪ್ರತಿ ಜಾತಿಯೂ ತನ್ನಷ್ಟಕ್ಕೆ ಕೆಲವೇ ತುಣುಕುಗಳಲ್ಲಿ ಗುಂಪುಗೂಡಿದರೆ, ಬಲವಾದ ಜಾತಿ ತಲುಪದ ತುಣುಕುಗಳು ಯಾವಾಗಲೂ ಉಳಿದಿರುತ್ತವೆ. ಮರ ಕಡಿದ ಮೇಲೆ ಉಳಿಯುವ ಕೊಂಬೆರಾಶಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಸಿಡಿಲು ಬಡಿದ ನಿಂತ ಮರಕ್ಕೆ ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರ ವಾಸನೆ ಹಿಡಿದು ಇನ್ನೊಬ್ಬರು ಬರುತ್ತಾರೆ.

ಸಂಖ್ಯೆ ಕಡಿಮೆಯಿರುವ ವರ್ಷಗಳಲ್ಲಿ ಫ್ರಂಟಾಲಿಸ್‌ಗೆ ಆಸರೆ ಇಂಥ ಮರಗಳೇ. ಬಲವಾದ ಮರವನ್ನು ಮಣಿಸುವಷ್ಟು ಗುಂಪು ಆಗ ಅದಕ್ಕಿರುವುದಿಲ್ಲ. ಇಪ್ಸ್‌ಗಳೊಂದಿಗೆ ಸೊರಗಿದ ಮರ ಹಂಚಿಕೊಂಡು ಕಾಲ ಹಾಕುತ್ತದೆ. ಸಂಖ್ಯೆ ಏರಿದಾಗ ಫ್ರಂಟಾಲಿಸ್ ಆರೋಗ್ಯವಂತ ಮರವನ್ನೂ ಬೀಳಿಸುತ್ತದೆ, ತುದಿ ಮತ್ತು ಕೊಂಬೆಗಳು ಇಪ್ಸ್‌ಗಳಿಗೆ ದಕ್ಕುತ್ತವೆ. ಹಾಗಾಗಿ ಯಾವುದೇ ಮರದ ದಾಖಲೆಯಲ್ಲಿ ಆ ವರ್ಷ ಸುತ್ತಲಿನ ಕಾಡಿನಲ್ಲಿ ಫ್ರಂಟಾಲಿಸ್‌ನ ಹಾವಳಿ ಇತ್ತೇ, ಮರಕ್ಕೆ ಮೊದಲ ಪೆಟ್ಟು ಯಾವುದರಿಂದ ಬಿತ್ತು ಎಂಬ ಎರಡು ಸಾಲು ಇರಲೇಬೇಕು. ಅವಿಲ್ಲದೆ ಎರಡು ಮರಗಳ ನಕ್ಷೆಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ, ಸ್ಪರ್ಧೆಯ ಪರಿಣಾಮ ಯಾವುದು, ಯಾರು ಮೊದಲು ಬಂದರೆಂಬುದರ ಪರಿಣಾಮ ಯಾವುದು ಎಂದು ಬಿಡಿಸಲಾಗುವುದಿಲ್ಲ.